ದಿಂಬು ಉತ್ತರಕ್ಕಿದ್ದ ಕೋಣೆ

ಕೋಣೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಿಹೊಕೊ ಮೊದಲು ಹುಡುಕಿದ್ದು ಚೀಲ ಇಡಲು ಜಾಗ. ಜಾಗವಿರಲಿಲ್ಲ. ಮಂಚದ ಪಕ್ಕ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದು, ಸಂದಿನ ಕೊನೆಗೆ ಅಂಗೈಯಗಲದ ಮೇಜು, ಅದರ ಮೇಲೆ ನೀರು ಕಾಯಿಸುವ ಕೆಟಲು, ಚಹಾ ಪೊಟ್ಟಣ, ಟಿವಿ. ಬಚ್ಚಲನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ತಂದು ಮೂಲೆಗೆ ತುರುಕಿದ್ದರು. ಕಿಟಕಿಯೊಂದಿತ್ತು. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಅರಾಸೆ ಸ್ಟೇಷನ್ನಿನ ಪ್ಲಾಟ್‌ಫಾರಂ, ಪ್ಲಾಟ್‌ಫಾರಮ್ಮಿನ ಮೇಲೆ ಹಿಮ.

ಚೀಲವನ್ನು ಮಂಚದ ಮೇಲೇ ಹಾಕಿ ಪಕ್ಕದಲ್ಲಿ ಕುಳಿತಳು. ಬಹಳ ಹೊತ್ತು ಮಡಿಚಿ ಕುಳಿತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳ ಒಳಗೆಲ್ಲ ಜೋಮು ಹಿಡಿದಿತ್ತು. ಚಿವುಟಿದರೆ ಯಾರನ್ನೋ ಚಿವುಟಿದಂತೆ. ವೃದ್ಧರ ಆರೈಕೆ ಮನೆಯಿಂದ ಫೋನು ಬಂದಾಗ ಅವಳು ಸೈತಾಮದ ಬುತ್ತಿ ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಮುಂದೆ ನಿಂತು ಡಬ್ಬಿಗೊಂದರಂತೆ ಬೇರಿನ ಪಲ್ಯ ಹಾಕುತ್ತಿದ್ದಳು. ಮೇಲ್ವಿಚಾರಕಿ ಬಂದು ಕಿವಿಯಲ್ಲಿ ಹೇಳಿದಳು, ನಿಮ್ಮ ತಾಯಿ ಹೋದರಂತೆ. ಹೂಂ ಎಂದಳು ಮಿಹೊಕೊ. ಬೆಲ್ಟು ನಿಲ್ಲುವವರೆಗೂ ಪಲ್ಯ ಹಾಕಿದಳು. ಮುಗಿಸಿ ಬಂದು ಟೋಪಿ ತೆಗೆದಾಗ ಜೊತೆಯವರು ಅವಳ ಮುಖ ನೋಡಿ, ಮತ್ತೆ ನೋಡಿ, ತಮ್ಮ ತಮ್ಮ ಶೂ ಹುಡುಕತೊಡಗಿದರು.

ಒರಗಿಕೊಳ್ಳೋಣವೆಂದು ದಿಂಬಿಗೆ ಕೈ ಹಾಕಿದವಳು ಹಿಂತೆಗೆದಳು. ಎದ್ದು ಕಿಟಕಿಯ ಬಳಿ ನಿಂತಳು. ಆಕಿತಾ ಕಡೆಗೆ ಹೋಗುವ ಗಾಡಿ ಎಡಕ್ಕೆ ಹೊರಟಿತು. ಎಡಕ್ಕೆ ಅಂದರೆ ಉತ್ತರ. ದಿಂಬು ಇದ್ದದ್ದೂ ಆ ಕಡೆಗೇ.

ಅಮ್ಮ ಯಾವ ಛತ್ರಕ್ಕೆ, ಯಾವ ನೆಂಟರ ಮನೆಗೆ ಹೋದರೂ ಹೆಗಲ ಗಂಟು ಇಳಿಸುವ ಮೊದಲು ಕೇಳುತ್ತಿದ್ದದ್ದು ಒಂದೇ, "ಇಲ್ಲಿ ಉತ್ತರ ಯಾವ ಕಡೆ?" ಉತ್ತರಕ್ಕೆ ತಲೆ ಹಾಕುವುದು ಹೆಣ. ಬದುಕಿರುವವರು ಬೇರೆ ಮೂರು ದಿಕ್ಕು ನೋಡಿಕೊಳ್ಳಬೇಕು. ಆ ಹೊತ್ತಿಗೆ ಅಮ್ಮ ಊರಾಚೆಯ ಶವಮಂದಿರದ ತಣ್ಣನೆಯ ಕೋಣೆಯಲ್ಲಿ ಶಾಸ್ತ್ರವಾಗಿ ಉತ್ತರಕ್ಕೇ ತಲೆಯಿಟ್ಟು ಮಲಗಿದ್ದಳು. ಮಿಹೊಕೊ ದಿಂಬೆತ್ತಿ ಮಂಚದ ಕಾಲ್ದೆಸೆಗೆ ಇಟ್ಟಳು. ಹೊದಿಕೆಯನ್ನು ತಿರುಗಿಸಲಿಲ್ಲ. ಅಷ್ಟು ಮಾಡುವ ಕಸುವಿರಲಿಲ್ಲ.

ಸಂಜೆ ಅಂತ್ಯಕ್ರಿಯೆ ಕಂಪನಿಯ ನಿಶಿಗೊರಿ ಹೋಟೆಲಿಗೇ ಬಂದ. ಕೆಳಗಿನ ಹಜಾರದಲ್ಲಿ, ಬೆಳಿಗ್ಗೆ ತಿಂಡಿ ಕೊಡುವ ಮೇಜುಗಳ ನಡುವೆ ಕುಳಿತು, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ತಲೆ ಬಗ್ಗಿಸಿದ.

"ನಿಮ್ಮನ್ನ ಕಾಯಿಸ್ತಾ ಇದೀವಿ, ತಪ್ಪು ತಿಳೀಬೇಡಿ. ಚಳಿಗಾಲ ಅಲ್ವೇ, ಸುಡುಮನೆ ಒಲೆ ಮುಂದೆ ಸಾಲು. ಜೊತೆಗೆ ಗುರುವಾರ ಪಂಚಾಂಗದಲ್ಲಿ 'ಗೆಳೆಯರನ್ನ ಎಳೆಯೋ ದಿನ' ಬಂದಿದೆ, ಅವತ್ತು ಒಲೆ ಹಚ್ಚೋದೇ ಇಲ್ಲ. ಸತ್ತವರು ಇನ್ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋದ್ರೆ ಅನ್ನೋ ಭಯ ಜನಕ್ಕೆ. ಶುಕ್ರವಾರ ಬೆಳಿಗ್ಗೆ ನಿಮ್ಮದು."

"ಆಗಲಿ," ಎಂದಳು ಮಿಹೊಕೊ. ಶುಕ್ರವಾರ ಮಗಳು ಕೊಹಾರುವಿನ ಹೈಸ್ಕೂಲು ಪ್ರವೇಶ ಪರೀಕ್ಷೆ. ಅಜ್ಜಿಯನ್ನು ಕಳಿಸಿಕೊಡಲು ನಾನೂ ಬರುತ್ತೇನೆಂದು ಹುಡುಗಿ ಹಟ ಹಿಡಿದಿದ್ದಳು. ಸತ್ತವರು ಕಾಯುತ್ತಾರೆ, ಪರೀಕ್ಷೆ ಕಾಯುವುದಿಲ್ಲ ಎಂದು ಗದರಿ, ಗಂಡನನ್ನೂ ಅವಳ ಜೊತೆಗೇ ಬಿಟ್ಟು ಬಂದಿದ್ದಳು ಮಿಹೊಕೊ.

"ಮೂಳೆ ಎತ್ತೋಕೆ ಎಷ್ಟು ಜನ ಇರ್ತೀರಿ?" ನಿಶಿಗೊರಿ ದನಿ ತಗ್ಗಿಸಿ ಕೇಳಿದ.

ಅವಳು ಮೇಜಿನ ಅಂಚನ್ನು ಬೆರಳಿನಿಂದ ಒರೆಸಿದಳು.

"ಒಬ್ಬರಿಂದ ಆಗೋ ಕೆಲಸ ಅಲ್ಲವಲ್ಲ, ಅದಕ್ಕೆ ಕೇಳಿದೆ. ಒಂದೊಂದು ಮೂಳೆನೂ ಇಬ್ಬರು ಕಡ್ಡಿ ಕೂಡಿಸಿ ಎತ್ತಿ ಕುಂಡದೊಳಗೆ ಇಳಿಸಬೇಕು. ಯಾರೂ ಇಲ್ಲ ಅಂದ್ರೆ ಯೋಚನೆ ಬೇಡ, ನಾನೇ ಜೊತೆಗೆ ಹಿಡೀತೀನಿ. ಈಗೀಗ ಎಷ್ಟೋ ಮನೆಗೆ ಹಾಗೇ ಹಿಡಿದಿದೀನಿ."

"ತಮ್ಮ ಬರ್ತಾನೆ," ಎಂದಳು ಮಿಹೊಕೊ.

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಬಹುಶಃ ನಿಶಿಗೊರಿಯ ಕೈ ನೋಡಿ. ಅಚ್ಚುಕಟ್ಟಾದ, ಬಿಳಿಚಿದ, ಯಾರ ಕೈಯೂ ಅಲ್ಲದ ಕೈ. ಆ ಕೈ ಅಮ್ಮನ ಮೂಳೆಯ ಇನ್ನೊಂದು ತುದಿ ಹಿಡಿಯುವುದನ್ನು ನೆನೆದಾಗ, ಜೋಮು ಹಿಡಿದ ಅಷ್ಟೂ ಮೈಯಲ್ಲಿ ಎಲ್ಲೋ ಒಂದು ಕಡೆ ಸೂಜಿ ಚುಚ್ಚಿದಂತಾಗಿ ಮಾಯವಾಯಿತು.

ತಮ್ಮ ಶುಜಿ ಸೆಂದಾಯಿಯ ಉಗ್ರಾಣವೊಂದರಲ್ಲಿ ಕೆಲಸಕ್ಕಿದ್ದ. ಹಾಗೆಂದು ಮಿಹೊಕೊ ಅಂದುಕೊಂಡಿದ್ದಳು. ಅಮ್ಮನ ಬಳಿ ಇದ್ದು ನೋಡಿಕೊಂಡವನು ಅವನು, ಮದುವೆಯಾಗದೆ, ಸಮುದ್ರದ ಬದಿಯ ಆ ಹಳೇ ಮನೆಯಲ್ಲಿ. ಅಮ್ಮನಿಗೆ ಮರೆವಿನ ರೋಗ ಬಲಿತ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಅವಳನ್ನು ಆರೈಕೆ ಮನೆಗೆ ಸೇರಿಸಿ ಊರು ಬಿಟ್ಟ. ಅಂದಿನಿಂದ ಅಕ್ಕನ ಫೋನು ಎತ್ತುತ್ತಿರಲಿಲ್ಲ. ಆರೈಕೆ ಮನೆಯವರು ಕರೆದರೂ ಎತ್ತುತ್ತಿರಲಿಲ್ಲವಂತೆ. ಮೆಸೇಜು ಹಾಕಿದರೆ ಮಾತ್ರ ಕೆಳಗೆ 'ಓದಿದ್ದಾರೆ' ಎಂದು ಬೀಳುತ್ತಿತ್ತು. ಅಮ್ಮ ಹೋದಳೆಂದು ಬರೆದಾಗಲೂ ಅಷ್ಟೇ ಬಿದ್ದಿತ್ತು. ಇದ್ದಾನೆ ಎನ್ನಲು ಅಷ್ಟೇ ಗುರುತು.

ಕೋಣೆಗೆ ಹೋಗಿ ಬರೆದಳು. "ಶುಕ್ರವಾರ ಬೆಳಿಗ್ಗೆ. ಅರಾಸೆ ಸುಡುಮನೆ. ಮೂಳೆ ಎತ್ತೋಕೆ ಇಬ್ಬರು ಬೇಕು. ನಾನು ಒಬ್ಬಳೇ ಇದೀನಿ. ಬಾ."

ಕೆಟಲಿನಲ್ಲಿ ನೀರು ಕುದಿಯುವುದರೊಳಗೆ ಬಿತ್ತು, ಓದಿದ್ದಾರೆ.

ಮತ್ತೇನೂ ಬರಲಿಲ್ಲ. ಸ್ಟೇಷನ್ನಿನ ಪಕ್ಕದ ಅಂಗಡಿಯಿಂದ ತಂದ ಅನ್ನದ ಉಂಡೆಯನ್ನು ಅವಳು ಕಿಟಕಿಯ ಬಳಿ ನಿಂತೇ ತಿಂದಳು. ಒಳಗಿದ್ದದ್ದು ಹುಳಿಕಾಯೋ ಮೀನೋ, ತಿಂದು ಮುಗಿಸಿದ ಮೇಲೂ ತಿಳಿಯಲಿಲ್ಲ. ಕೊಹಾರು ಫೋನು ಮಾಡಿದಳು.

"ಅಮ್ಮಾ, ಪರೀಕ್ಷೆಗೆ ಹಾಕ್ಕೊಂಡು ಹೋಗೋ ಬಿಳಿ ಕಾಲುಚೀಲ ಎಲ್ಲಿದೆ?"

"ಮೂರನೇ ಡ್ರಾಯರು, ಎಡಕ್ಕೆ. ಅಪ್ಪ ಊಟಕ್ಕೆ ಏನು ಮಾಡಿದಾರೆ?"

"ಕರಿ. ನಿನ್ನೇನೂ ಕರಿ, ನಾಳೆನೂ ಕರಿ. ಪಾತ್ರೆ ನೋಡಿದ್ರೆ ಪರೀಕ್ಷೆ ಮುಗಿಯೋವರೆಗೂ ಕರಿ." ಆಮೇಲೆ ಹುಡುಗಿ ಕೇಳಿದಳು, "ಅಮ್ಮಾ, ಅಳ್ತಾ ಇದೀಯಾ?"

"ಇಲ್ಲ."

"ಅತ್ರೂ ಪರವಾಗಿಲ್ಲ, ಆಯ್ತಾ?"

"ಅಳು ಬಂದ್ರೆ ಅಳ್ತೀನಿ. ಹೋಗಿ ಓದ್ಕೋ."

ಮಾರನೆಯ ದಿನ ಶವಮಂದಿರಕ್ಕೆ ಹೋಗಿ ಊದುಬತ್ತಿ ಹಚ್ಚಿ ಬಂದಳು. ಅಮ್ಮನ ಮುಖ ಪುಟ್ಟದಾಗಿತ್ತು, ಯಾರೋ ಒಗೆದು ಕುಗ್ಗಿಸಿದಂತೆ. ಮಧ್ಯಾಹ್ನ ಹೋಟೆಲಿಗೆ ಬಂದರೆ ದಿಂಬು ಮತ್ತೆ ಉತ್ತರಕ್ಕಿತ್ತು, ಹಾಸಿಗೆ ಸುಕ್ಕಿಲ್ಲದೆ ಬಿಗಿದಿತ್ತು. ದಿಂಬೆತ್ತಿ ಮತ್ತೆ ಕಾಲ್ದೆಸೆಗೆ ಹಾಕಿದಳು. ಗೆಳೆಯರನ್ನೆಳೆವ ಗುರುವಾರದಂದು ಹೊರಗೆಲ್ಲೂ ಹೋಗುವ ಕೆಲಸವಿರಲಿಲ್ಲ. ಹೊರಗೆ ಗಾಳಿಗೆ ಹಿಮ ಅಡ್ಡಡ್ಡ ಬೀಳುತ್ತಿತ್ತು. ಕೋಣೆ ಗುಡಿಸಲು ಹೋಟೆಲಿನ ಯಜಮಾನಿ ಟೊಕಿ ತಾನೇ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಈ ಕಡಲ ಸೀಮೆಯ ಒರಟು ಮಾತಿನವಳು. ಬೆಳಿಗ್ಗೆ ಅವಳೇ ಗುಡಿಸುವವಳು, ಮಧ್ಯಾಹ್ನದ ಮೇಲೆ ತುಟಿಗೆ ಬಣ್ಣ ಹಚ್ಚಿ ಕೀಲಿ ಕೊಡುವವಳೂ ಅವಳೇ.

"ಏನವ್ವಾ, ನಮ್ ಮಂಚದ ಮ್ಯಾಲೆ ನಿಮಗೇನು ಸಿಟ್ಟು? ನಾನು ದಿಂಬು ಈ ಕಡೆ ಇಡೋದು, ನೀವು ಆ ಕಡೆ ಒಗೆಯೋದು."

"ಆ ಕಡೆ ಉತ್ತರ ಅಲ್ವಾ."

"ಹೌದು ಉತ್ತರ. ಮಲಗಿದ ಕಡೆಯಿಂದ ರೈಲು ಕಾಣಲಿ ಅಂತ ನಮ್ಮನೆಯೋರು ಮಂಚನ ನೆಲಕ್ಕೆ ಬೋಲ್ಟು ಹಾಕಿಸಿ ಕೂರಿಸಿದ್ರು. ಆಮೇಲೆ ಅವ್ರೂ ಉತ್ತರಕ್ಕೆ ತಲೆ ಹಾಕಿ ಹೋದ್ರು, ನಾನೇನು ಮಂಚ ಕೀಳಿಸಲಾ? ಈಗಿನೋರು ಯಾರೂ ಕೇಳಲ್ಲ ಬಿಡಿ. ಅವರಿಗೆ ದಿಕ್ಕೆಲ್ಲ ಫೋನಿನಾಗೆ." ಹಾಳೆ ಕೊಡವುತ್ತಾ ಟೊಕಿ ನಿಟ್ಟುಸಿರು ಬಿಟ್ಟಳು. "ಈ ವಾರ ಮಾತ್ರ ಇಬ್ಬಿಬ್ರು ಸಿಕ್ಕಿದೀರಿ. ನೀವೊಬ್ರು, ಮ್ಯಾಲಿನ ಮಹಡಿಯಾಗೆ ಇನ್ನೊಬ್ಬ ಗಂಡಸು. ಅವನು ನಿಮಗಿಂತ ಮೊದಲಿಂದ ಹಿಂಗೇ ಮಾಡ್ತಾವನೆ. ಹಗಲೆಲ್ಲ ಕಿಟಕಿ ಮುಂದೆ ಕುಂತಿರ್ತಾನೆ. ರೈಲಿನ ಹುಚ್ಚಿನೋನು ಅಂದ್ಕೊಂಡೆ, ಅಂಥೋರು ಬರ್ತಾರೆ ನಮ್ಮಲ್ಲಿಗೆ. ಆದ್ರೆ ಕ್ಯಾಮೆರಾನೇ ಇಲ್ಲ."

ಮಿಹೊಕೊ ಕಿಟಕಿಯ ಸರಳು ಹಿಡಿದುಕೊಂಡಳು.

"ಹೆಸರೇನು ಅವರದು?"

"ಅಯ್ಯೋ, ಬಂದೋರ ವಿಚಾರ ಇನ್ನೊಬ್ರಿಗೆ ಹೇಳಂಗಿಲ್ಲವ್ವ. ಇಷ್ಟು ಹೇಳಿದ್ದೇ ಜಾಸ್ತಿ ಆಯ್ತು." ಬಕೆಟ್ಟು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತು ಮಿಹೊಕೊಳ ಮುಖ ನೋಡಿದಳು. "ಎಡಗೈನಾಗೆ ಉಣ್ತಾನೆ. ಅದು ವಿಚಾರ ಅಲ್ಲ, ಕಂಡಿದ್ದು."

ಶುಜಿ ಎಡಚ. ಶಾಲೆಯಲ್ಲಿ ಹೊಡೆದು ಬಲಗೈಯಲ್ಲಿ ಬರೆಸಿದರೂ ಉಣ್ಣುವುದು ಮಾತ್ರ ಎಡಗೈಯಲ್ಲೇ ಉಳಿದಿತ್ತು.

ಮೆಟ್ಟಿಲು ಹತ್ತಿ ಒಂದೊಂದೇ ಬಾಗಿಲು ಬಡಿಯಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಬಡಿದರೆ ಅವನು ತೆರೆಯಬೇಕಾಗುತ್ತದೆ, ತೆರೆದರೆ ಇಬ್ಬರಲ್ಲಿ ಒಬ್ಬರು ಮಾತಾಡಬೇಕಾಗುತ್ತದೆ. ಇಲ್ಲವೇ ಅವನು ಹಿಂದಿನ ಮೆಟ್ಟಿಲಿಂದ ಇಳಿದು ಎದುರಿಗಿರುವ ರೈಲು ಹತ್ತಿದರೆ ಮುಗಿಯಿತು. ಮಂಚದ ಮೇಲೆ ಕುಳಿತು ಚಾವಣಿ ನೋಡಿದಳು. ಸಿಟ್ಟು ಬರುತ್ತದೇನೋ ಎಂದು ಕಾದಳು. ಅಮ್ಮ ಇನ್ನೂ ಉಸಿರಾಡುತ್ತಿದ್ದಾಗಲೇ ಇವನು ಇಲ್ಲಿದ್ದನೇ? ಆರೈಕೆ ಮನೆ ಈ ಸ್ಟೇಷನ್ನಿನ ಹಿಂಭಾಗದಲ್ಲೇ ಇದೆ, ಹಳಿ ದಾಟಿ ಏರು ಹತ್ತಿದರೆ ಸಿಗುತ್ತದೆ. ಸಿಟ್ಟು ಬರಲಿಲ್ಲ. ಸಿಟ್ಟು ಇರಬೇಕಾದ ಜಾಗ ಬಾಡಿಗೆಗಿಟ್ಟ ಕೋಣೆಯ ಹಾಗೆ ಖಾಲಿಯಿತ್ತು.

ಫೋನು ತೆಗೆದು ಬರೆದಳು. "ದಿಂಬು ಯಾವ ಕಡೆಗಿಟ್ಟಿದೀಯಾ?"

ಓದಿದ್ದಾರೆ.

ಕತ್ತಲಾಯಿತು. ಪ್ಲಾಟ್‌ಫಾರಮ್ಮಿನ ದೀಪಗಳು ಹತ್ತಿದವು. ಹಿಮ ತಳ್ಳುವ ಬಂಡಿಯೊಂದು ಹಳದಿ ದೀಪ ತಿರುಗಿಸುತ್ತ ಹಾದುಹೋಯಿತು. ಫೋನು ಸುಮ್ಮನೇ ಇತ್ತು.

ಶುಕ್ರವಾರ ಬೆಳಿಗ್ಗೆ ತಿಂಡಿಯ ಬಾಗಿಲು ತೆರೆಯುವುದಕ್ಕೇ ಕಾದಿದ್ದು ಮಿಹೊಕೊ ಕೆಳಗಿಳಿದಳು. ಕಪ್ಪು ಉಡುಪು ತೊಟ್ಟೇ ಬಂದಿದ್ದಳು. ಟೊಕಿಯ ಹಜಾರದಲ್ಲಿ ಅನ್ನದ ಉಂಡೆಗಳು, ಮಿಸೋ ಸಾರು, ಬೇಯಿಸಿದ ಮೊಟ್ಟೆ, ಉಪ್ಪು ಹಚ್ಚಿ ಸುಟ್ಟ ಸಾಲ್ಮನ್ ಮೀನಿನ ತುಂಡುಗಳು ಸಾಲಾಗಿದ್ದವು. ಎಲ್ಲರೂ ಗೋಡೆಯ ಕಡೆ ಮುಖ ಮಾಡಿ, ಒಬ್ಬರಿಗೊಬ್ಬರು ಇಲ್ಲವೇ ಇಲ್ಲ ಎಂಬಂತೆ ತಿನ್ನುತ್ತಿದ್ದರು. ಇಂಥ ಹೋಟೆಲಿನ ಮರ್ಯಾದೆಯೇ ಅದು. ಅವಳು ಮಾತ್ರ ಲಿಫ್ಟಿನ ಬಾಗಿಲು ಕಾಣುವ ಹಾಗೆ ಕುಳಿತಳು.

ಅವನು ಲಿಫ್ಟಿನಲ್ಲಿ ಬರಲಿಲ್ಲ. ಮೆಟ್ಟಿಲಿಂದ ಬಂದ. ಹೋಟೆಲಿನ ಕೋಣೆಯಲ್ಲಿಡುವ ಕಾಗದದ ಚಪ್ಪಲಿ, ಸುಕ್ಕುಗಟ್ಟಿದ ಅಂಗಿ, ಕಿವಿಯ ಮೇಲೆ ನರೆತ ಕೂದಲು. ಅಕ್ಕನನ್ನು ಕಂಡು ನಿಂತ. ಆಮೇಲೆ ತಟ್ಟೆ ಹಿಡಿದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿಕೊಂಡು, ಅವಳ ಎದುರು ಬಂದು ಕುಳಿತ.

"ದಕ್ಷಿಣಕ್ಕೆ," ಎಂದ.

"ಏನು?"

"ದಿಂಬು."

ಮಿಹೊಕೊ ಸಾರು ಕುಡಿದಳು. "ಯಾವಾಗ ಬಂದೆ?"

"ಅವರು ಫೋನ್ ಮಾಡಿ ಮೆಸೇಜು ಬಿಟ್ಟಿದ್ರು, ಇನ್ನು ಹೆಚ್ಚು ಹೊತ್ತು ಇರಲ್ಲ ಅಂತ. ಅವತ್ತೇ ಹೊರಟೆ. ಇಲ್ಲಿ ಇಳಿದೆ. ಹಿಂದಿನ ಗೇಟಿಂದ ಹೋದ್ರೆ ಆರೈಕೆ ಮನೆ, ಮುಂದಿನ ಗೇಟಿಂದ ಹೋದ್ರೆ ಇದು. ಮುಂದಿನ ಗೇಟಲ್ಲಿ ಬಂದೆ."

"ಹೋಗಲೇ ಇಲ್ಲ."

"ಹೋಗಲಿಲ್ಲ. ನಾಳೆ ಹೋಗೋಣ ಅಂದ್ಕೊಂಡೆ. ಕಿಟಕಿಯಿಂದ ಅವರ ಸೂರು ಕಾಣತ್ತೆ, ನೋಡಿದ್ಯಾ? ನಂದು ಮೇಲಿನ ಮಹಡಿ, ಹಳಿಯಾಚೆಗೂ ಕಾಣತ್ತೆ." ಮೊಟ್ಟೆಯನ್ನು ಮೇಜಿಗೆ ಮೆಲ್ಲಗೆ ತಟ್ಟಿದ, ಸಿಪ್ಪೆ ಸುಲಿಯಲಿಲ್ಲ. "ಆಮೇಲೆ ನಿನ್ನ ಮೆಸೇಜು ಬಂತು, ಅಮ್ಮ ಹೋದಳು ಅಂತ."

ಅವಳು ಕಾದಳು. ಹೇಳುವುದಿದ್ದರೆ ಹೇಳಲಿ.

"ಅಕ್ಕ, ಕೊನೆ ವರ್ಷ ಏನಾಗ್ತಿತ್ತು ನಿಂಗೊತ್ತಾ? ಸಂಜೆ ಆದ ಕೂಡಲೇ ಅವಳು ನಂಗೆ ಕೈ ಮುಗಿದು ಹೇಳೋಳು. 'ತುಂಬಾ ಉಪಕಾರ ಆಯ್ತು ನಿಮ್ಮಿಂದ. ಹೊತ್ತು ಮುಳುಗ್ತು, ನಿಮ್ಮನೇಲಿ ಕಾಯ್ತಿರ್ತಾರೆ, ಹೊರಡಿ.' ಮಗ ಕಣಮ್ಮಾ ಅಂದ್ರೆ ಹೆದರೋಳು. ಅದಕ್ಕೇ ನಾನು ಶೂ ಹಾಕ್ಕೊಂಡು, ಹೋಗಿ ಬರ್ತೀನಿ ಅಂತ ಹೇಳಿ ಹೊರಗೆ ಹೋಗ್ತಿದ್ದೆ. ಬಾವಿ ಹತ್ರ ಒಂದು ಸಿಗರೇಟು ಸೇದಿ ವಾಪಸ್ಸು ಬಂದ್ರೆ, 'ಬಂದ್ಯಾ ಶುಜಿ' ಅಂತಿದ್ಲು. ಕೆಲವು ಸಲ. ಇನ್ನು ಕೆಲವು ಸಲ ಒಳಗಿಂದ ಚಿಲಕ ಹಾಕ್ಕೊಂಡಿರೋಳು."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ದೆ? ಒಂದು ಪೆಟ್ಟಿಗೆ ಕಿತ್ತಳೆ ಕಳಿಸ್ತಿದ್ದೆ."

ಸತ್ಯವೇ. ಪ್ರತಿ ಚಳಿಗಾಲ ಅವಳು ಕಿತ್ತಳೆ ಕಳಿಸುತ್ತಿದ್ದಳು. ಬರಲು ರಜೆ ಸಿಗುತ್ತಿರಲಿಲ್ಲ, ಸಿಕ್ಕಿದ ದಿನ ನಿದ್ದೆ ಬಿಟ್ಟು ಬೇರೇನೂ ಬೇಡವೆನಿಸುತ್ತಿತ್ತು.

"ಒಂದು ಸಂಜೆ ಹೊರಡಿ ಅಂದಳು, ಹೊರಟೆ," ಎಂದ ಶುಜಿ. "ಬಾವಿ ಹತ್ರ ನಿಲ್ಲಲಿಲ್ಲ. ಸ್ಟೇಷನ್ನಿಗೆ ಬಂದು, ಇಲ್ಲಿಂದ ಆರೈಕೆಯವರಿಗೆ ಫೋನು ಮಾಡಿದೆ, ಹೋಗಿ ನೋಡ್ಕೊಳ್ಳಿ ಅಂತ. ಅಷ್ಟೇ. ಅದಕ್ಕೇ ಹೇಳ್ತಿರೋದು, ಸುಡುಮನೆಗೆ ನಾನು ಬರಲ್ಲ. ಹೊರಡಿ ಅಂದವಳ ಮೂಳೆಗೆ ಹೇಗೆ ಕೈ ಹಾಕ್ಲಿ? ಯಾರೋ ಅಪರಿಚಿತ ಮುಟ್ಟಿದ ಅಂತ ಹೆದರ್ತಾಳೆ."

"ಬರದೆ ಇದ್ರೆ ನಿಶಿಗೊರಿ ಅನ್ನೋನು ಹಿಡೀತಾನೆ ಇನ್ನೊಂದು ಕಡೆ. ಕಂಪನಿಯೋನು. ಅವನೇನು ಅವಳ ಸೋದರಮಾವನಾ?"

ಶುಜಿಯ ಬಾಯಿಯ ಒಂದು ಮೂಲೆ ಅಲುಗಿತು. ಅಷ್ಟೇ. "ಮುಂದಿನ ಗಾಡಿಗೆ ಹೋಗ್ತೀನಿ ಅಕ್ಕ. ನೀನು ಬೇಕಾದ್ರೆ ಬೈದ್ಬಿಡು."

ಬೈಯಬೇಕೆಂದು ಅವಳಿಗೂ ಅನಿಸಿತು. ಅವಳೆದುರಿನ ತಟ್ಟೆಯಲ್ಲಿ ಅನ್ನದ ಉಂಡೆಯೊಂದು ಇಟ್ಟ ಹಾಗೆಯೇ ಇತ್ತು. ಅದನ್ನು ಶುಜಿ ನೋಡಿದ.

"ಏನೂ ತಿಂದಿಲ್ಲ ನೀನು."

"ಸೇರಲ್ಲ."

"ಮೀನು ತಗೊಂಡಿಲ್ವಾ? ತಗೋ, ಸ್ವಲ್ಪ ಉಪ್ಪಾದ್ರೂ ನಾಲಗೆಗೆ ಬೀಳಲಿ." ತನ್ನ ತಟ್ಟೆಯ ಸಾಲ್ಮನ್ ತುಂಡನ್ನು ಎಡಗೈಯ ಊಟದ ಕಡ್ಡಿಗಳಲ್ಲಿ ಎತ್ತಿ ಮುಂದೆ ಚಾಚಿದ. ಅವಳ ತಟ್ಟೆಯಲ್ಲಿಡಲೆಂದೇ ಚಾಚಿದ್ದು. ಆದರೆ ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಮಿಹೊಕೊ ತನ್ನ ಕಡ್ಡಿಗಳನ್ನೂ ಚಾಚಿ, ಆ ತುಂಡಿನ ಇನ್ನೊಂದು ತುದಿಯನ್ನು ಹಿಡಿದಳು.

ನಾಲ್ಕು ಕಡ್ಡಿಗಳ ನಡುವೆ ಮೀನು ನಿಂತಿತು. ಪಕ್ಕದ ಮೇಜಿನ ಮುದುಕ ತಲೆಯೆತ್ತಿ ನೋಡಿ ಗಂಟಲು ಸರಿಮಾಡಿಕೊಂಡ. ಗಂಜಿಯ ಬೋಗುಣಿ ತರುತ್ತಿದ್ದ ಟೊಕಿ ಇದ್ದಲ್ಲೇ ನಿಂತಳು. ಊಟದ ಮೇಜಿನಲ್ಲಿ ಯಾರೂ ಮಾಡದ ಕೆಲಸ ಅದು. ಹಾಗೆ ಇಬ್ಬರು ಕಡ್ಡಿ ಕೂಡಿಸಿ ಹಿಡಿಯುವ ವಸ್ತು ಲೋಕದಲ್ಲಿ ಒಂದೇ ಒಂದು.

ಇಬ್ಬರಿಗೂ ಒಟ್ಟಿಗೇ ಅರಿವಾಯಿತು. ಆದರೂ ಇಬ್ಬರೂ ಬಿಡಲಿಲ್ಲ. ಬಿಟ್ಟರೆ ಬೀಳುತ್ತದೆ.

"ಅಮ್ಮ ಇದ್ದಿದ್ರೆ ಕೈಗೆ ಬಾರಿಸ್ತಿದ್ಲು," ಎಂದ ಶುಜಿ, ಬಹಳ ಮೆಲ್ಲಗೆ.

ಚಿಕ್ಕವರಿದ್ದಾಗ ಕೊನೆಯ ಮೀನುತುಂಡಿಗೆ ಇಬ್ಬರೂ ಒಟ್ಟಿಗೆ ಕಡ್ಡಿ ಹಾಕಿ ಎಳೆದಾಡುತ್ತಿದ್ದರು. ಸೌಟಿನ ಹಿಡಿಯಿಂದ ಗೆಣ್ಣಿಗೆ ಒಂದೇಟು ಬೀಳುತ್ತಿತ್ತು. ಏಟಿನ ಜೊತೆಗೇ ಬರುತ್ತಿದ್ದ ಮಾತನ್ನು ಮಿಹೊಕೊ ಈಗ ಹೇಳಿದಳು, ಅಮ್ಮನದೇ ಧಾಟಿಯಲ್ಲಿ. "'ಇದನ್ನ ನಾನು ಸತ್ತ ಮೇಲೆ ಮಾಡ್ರೋ, ದರಿದ್ರ ಮಕ್ಕಳಾ!'"

ಶುಜಿ ಮೀನನ್ನೇ ನೋಡುತ್ತಿದ್ದ.

"ಇಬ್ಬರಿಗೂ ಹೇಳಿದ್ಲು," ಎಂದಳು ಮಿಹೊಕೊ. "ಮಾಡ್ರೋ ಅಂದಿದ್ದು. ಒಬ್ಬಳಿಗೇ ಅಲ್ಲ."

ಇಬ್ಬರೂ ಕೂಡಿ ತುಂಡನ್ನು ನಿಧಾನವಾಗಿ ಅವಳ ತಟ್ಟೆಯಲ್ಲಿ ಇಳಿಸಿದರು. ಶುಜಿ ಕಡ್ಡಿಗಳನ್ನು ಜೋಡಿಸಿಟ್ಟು, ಸುಲಿಯದ ಮೊಟ್ಟೆಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಮೆಟ್ಟಿಲ ಕಡೆಗಲ್ಲ, ನೇರವಾಗಿ ಹೊರಬಾಗಿಲ ಕಡೆಗೆ ನಡೆದ. ಕಾಗದದ ಚಪ್ಪಲಿಯಲ್ಲೇ.

"ಏನಪ್ಪಾ, ಹೊರಗೆ ಹಿಮ ಅದೆ!" ಎಂದು ಟೊಕಿ ಕೂಗಿದಳು. ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು. ಎದುರಿಗೆ ಸ್ಟೇಷನ್ನು. ಗಾಡಿಗೆ ಹೊರಟುಹೋದ ಎಂದುಕೊಂಡಳು ಮಿಹೊಕೊ. ಮೀನು ತಿಂದಳು. ಉಪ್ಪಿತ್ತು. ಅಷ್ಟು ತಿಳಿಯಿತು.

ನಿಶಿಗೊರಿಯ ಕಾರು ಬಂದು ನಿಂತಾಗ ಅವಳು ಚೀಲವನ್ನು ಟೊಕಿಯ ಬಳಿ ಬಿಟ್ಟು, ಕೋಟು ಹಾಕಿಕೊಂಡು ಹೊರಗೆ ಬಂದಳು. ಅವನು ಬಾಗಿಲು ತೆರೆದು ಹಿಡಿದು, ಅತ್ತಿತ್ತ ನೋಡಿದ.

"ನೀವೇ ಹಿಡೀಬೇಕಾಗುತ್ತೆ," ಎಂದಳು ಮಿಹೊಕೊ.

"ಅದಕ್ಕೇನಂತೆ," ಎಂದ ನಿಶಿಗೊರಿ.

ಅಷ್ಟರಲ್ಲಿ ಸ್ಟೇಷನ್ನಿನ ಪಕ್ಕದ ಅಂಗಡಿಯಿಂದ ಶುಜಿ ರಸ್ತೆ ದಾಟಿ ಬರುವುದು ಕಾಣಿಸಿತು. ಕಾಗದದ ಚಪ್ಪಲಿ ನೆನೆದು ಹರಿದು ಕಾಲಿಗಂಟಿತ್ತು. ಕೈಯಲ್ಲಿ ಅಂಗಡಿಯವರು ಪ್ಲಾಸ್ಟಿಕ್ಕಿನಲ್ಲಿ ಮಾರುವ ಕಪ್ಪು ಟೈ.

"ಕಪ್ಪು ಸೂಟು ತಂದಿಲ್ಲ," ಎಂದ ಹತ್ತಿರ ಬಂದು, ಅವಳ ಮುಖ ನೋಡದೆ. "ಬದುಕಿದ್ದವಳನ್ನ ನೋಡೋಕೆ ಅಂತ ಹೊರಟಿದ್ದಲ್ವಾ. ಕಪ್ಪು ತಂದಿದ್ರೆ ಸಾಯೋದಕ್ಕೇ ಕಾದು ಕೂತ ಹಾಗಾಗ್ತಿತ್ತು. ನೀಲಿ ಕೋಟಿದೆ, ಹಾಕ್ಕೊಂಡು ಬರ್ತೀನಿ. ಐದು ನಿಮಿಷ ನಿಲ್ಲಿ."

"ಶೂ ಹಾಕ್ಕೋ," ಎಂದಳು ಮಿಹೊಕೊ.

ಸುಡುಮನೆ ಬೆಟ್ಟದ ಮಗ್ಗುಲಲ್ಲಿತ್ತು. ಹೊಗೆ ಕಾಣಲಿಲ್ಲ, ಈಗಿನವಕ್ಕೆ ಹೊಗೆಯೇ ಇಲ್ಲ. ಕಾಯುವ ಕೋಣೆಯಲ್ಲಿ ಚಹಾ ಕೊಟ್ಟರು. ಶುಜಿ ಜೇಬಿನಿಂದ ಮೊಟ್ಟೆ ತೆಗೆದು ಸುಲಿದು ಅರ್ಧ ಮಾಡಿ, ಅವಳ ಪಾಲನ್ನು ಈ ಸಲ ಕೈಯಿಂದ ಕೈಗೇ ಕೊಟ್ಟ. ಇಬ್ಬರೂ ಚಪ್ಪೆ ಮೊಟ್ಟೆಯನ್ನು ತಿನ್ನುತ್ತ ಟಿವಿಯ ಹವಾಮಾನ ನೋಡಿದರು. ಸಂಜೆಗೆ ಹಿಮ ನಿಲ್ಲುತ್ತದಂತೆ.

ಕರೆದಾಗ ಎದ್ದು ಹೋದರು. ಕಬ್ಬಿಣದ ಹಾಸಿನ ಮೇಲೆ ಅಮ್ಮ ಬಿಳಿಯಾಗಿ, ಹಗುರವಾಗಿ, ಬಿಸಿಯಾಗಿ ಹರಡಿಕೊಂಡಿದ್ದಳು. ಅಲ್ಲಿಯವನು ಇಬ್ಬರಿಗೂ ಉದ್ದನೆಯ ಕಡ್ಡಿಗಳನ್ನು ಕೊಟ್ಟ, ಜೋಡಿಯಲ್ಲಿ ಒಂದು ಬಿದಿರಿನದು, ಒಂದು ಮರದ್ದು.

"ಪಾದದಿಂದ ಶುರು ಮಾಡಿ," ಎಂದ. "ತಲೆ ಮೇಲೆ ಬರಬೇಕು. ಇಲ್ಲಾಂದ್ರೆ ಪಾಪ, ಕುಂಡದಲ್ಲಿ ತಲೆಕೆಳಗಾಗಿ ಕೂರಬೇಕಾಗುತ್ತೆ."

ಶುಜಿ ಎಡಗೈಯಲ್ಲಿ ಕಡ್ಡಿ ಹಿಡಿದ, ಮಿಹೊಕೊ ಬಲಗೈಯಲ್ಲಿ. ಎದುರುಬದುರು ನಿಂತಾಗ ಇಬ್ಬರ ಕೈಗಳೂ ಒಂದೇ ಕಡೆಗೆ ಬಂದವು, ಕನ್ನಡಿಯಲ್ಲಿ ಬಂದಂತೆ. ಅದರಿಂದ ಎತ್ತುವುದು ಸುಲಭವಾಯಿತು. ಎತ್ತಿ, ಒಯ್ದು, ಕುಂಡದೊಳಗೆ ಇಳಿಸಿದರು. ಒಣಗಿದ ಸದ್ದಾಯಿತು.

ಸೊಂಟದ ಹತ್ತಿರ ಒಂದು ಲೋಹದ ತುಂಡು ಕರಗದೆ ಉಳಿದಿತ್ತು. ಮಿಹೊಕೊ ಅದನ್ನೇ ನೋಡಿ ನಿಂತಳು. "ಇದೇನು?"

"ತಿರುಪು. ಬಚ್ಚಲಲ್ಲಿ ಬಿದ್ದಳಲ್ಲ, ಆಗ ಹಾಕಿದ್ದು. ಮಳೆಗಾಲದಲ್ಲಿ ನೋಯೋದು, ನಾನು ಬಿಸಿನೀರಿನ ಬಟ್ಟೆ ಹಾಕ್ತಿದ್ದೆ." ಶುಜಿ ಕಡ್ಡಿಯ ತುದಿಯಿಂದ ತಿರುಪನ್ನು ಪಕ್ಕಕ್ಕೆ ಸರಿಸಿದ. "ಇದು ಅವಳದ್ದಲ್ಲ. ಬಿಡು."

ಅಮ್ಮ ಬಿದ್ದದ್ದು ಮಿಹೊಕೊಗೆ ಗೊತ್ತಿರಲಿಲ್ಲ. ಮುಂದಿನ ಮೂಳೆಗೆ ಕಡ್ಡಿ ಚಾಚಿದಳು. ಶುಜಿಯದು ಆಗಲೇ ಅಲ್ಲಿತ್ತು. ಕೊನೆಗೆ ಗಂಟಲ ಬಳಿಯ ಪುಟ್ಟ ಮೂಳೆ ಉಳಿಯಿತು. ಧ್ಯಾನಕ್ಕೆ ಕುಳಿತ ಬುದ್ಧನ ಹಾಗಿರುವುದೆಂದು ಅದನ್ನು ಕೊನೆಗೆ ಹತ್ತಿರದವರೇ ಎತ್ತುತ್ತಾರೆ. ಅದನ್ನೆತ್ತುವಾಗ ಶುಜಿಯ ಕಡ್ಡಿ ನಡುಗಿತು. ಆ ನಡುಕ ಮೂಳೆಯ ಮೂಲಕ ಹಾದು ಅವಳ ಕಡ್ಡಿಗೆ, ಅಲ್ಲಿಂದ ಬೆರಳಿಗೆ ಬಂತು. ಅವನ ನಡುಕ ಅವಳಿಗೆ ತಿಳಿಯಿತು. ತನ್ನದು ಇನ್ನೂ ತಿಳಿಯಲಿಲ್ಲ.

"ಹೋಗಿ ಬರ್ತೀನಿ," ಎಂದ ಶುಜಿ ಕುಂಡದ ಬಾಯಿಗೆ ಬಗ್ಗಿ. ಪ್ರತಿ ಸಂಜೆ ಶೂ ಹಾಕಿಕೊಂಡು ಹೇಳುತ್ತಿದ್ದ ಹಾಗೆಯೇ ಹೇಳಿದನೇನೋ. ಅಲ್ಲಿಯವನು ಮುಚ್ಚಳ ಮುಚ್ಚಿದ.

ಹೋಟೆಲಿಗೆ ಮರಳಿದಾಗ, ಸಾವಿನ ಮೈಲಿಗೆ ಕಳೆಯಲೆಂದು ನಿಶಿಗೊರಿ ಕೊಟ್ಟ ಉಪ್ಪಿನ ಪೊಟ್ಟಣಗಳನ್ನು ಒಡೆದು, ಒಳಗೆ ಕಾಲಿಡುವ ಮೊದಲು ಒಬ್ಬರ ಮೇಲೊಬ್ಬರು ಎರಚಿಕೊಂಡರು. ತಾನಾಗಿ ತೆರೆಯುವ ಬಾಗಿಲು ಅವರನ್ನು ಕಂಡು ತೆರೆಯುವುದು, ಒಳಗೆ ಬಾರದ್ದನ್ನು ಕಂಡು ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತಲೇ ಇತ್ತು. ಟೊಕಿ ಪೊರಕೆ ಹಿಡಿದು ಬಂದವಳು, ಕುಂಡವಿಟ್ಟು ಬಿಳಿ ಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆಯನ್ನು ಮಿಹೊಕೊಳ ತೋಳುಗಳಲ್ಲಿ ಕಂಡು ಪೊರಕೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಅಕ್ಕ ತಮ್ಮ ಅಂತ ಮೊದಲೇ ಹೇಳಿದ್ರೆ ಜೋಡಿ ಮಂಚದ ಕೋಣೆ ಕೊಡ್ತಿದ್ನಲ್ಲವ್ವಾ," ಎಂದಳು. ಕುರ್ಚಿಯೊಂದನ್ನು ಒರೆಸಿ, ಪೆಟ್ಟಿಗೆ ಇಡಲು ಮುಂದೆ ತಳ್ಳಿದಳು.

ಶುಜಿ ತನ್ನ ಸಾಮಾನು ತರಲು ಮೇಲೆ ಹೋದ. ಫೋನು ಬಡಿದುಕೊಂಡಿತು, ಕೊಹಾರು.

"ಅಮ್ಮಾ, ಮುಗೀತು. ಗಣಿತ ಹಾಳಾಯ್ತು. ಅಜ್ಜಿದು?"

"ಮುಗೀತು."

"ಒಬ್ಬಳೇ ಮಾಡಿದ್ಯಾ?"

"ಇಲ್ಲ. ಮಾಮ ಬಂದಿದ್ದ."

"ಯಾವ ಮಾಮ?" ಹುಡುಗಿ ಯೋಚಿಸಿದಳು. "ಎಡಗೈ ಮಾಮನಾ? ಊಟಕ್ಕೆ ಬರ್ತಾರಾ? ಕರಿ ಇನ್ನೂ ಇದೆ."

"ಕೇಳ್ತೀನಿ," ಎಂದಳು ಮಿಹೊಕೊ.

ಶುಜಿ ಚೀಲ ಹಿಡಿದು ಇಳಿದು ಬಂದ. ಕೀಲಿಯನ್ನು ಟೊ‌ಕಿಯ ಮುಂದಿಟ್ಟ.

"ದಿಂಬು ವಾಪಸ್ಸು ಮೊದಲಿದ್ದ ಕಡೆಗೇ ಇಟ್ಟು ಬಂದಿದೀನಿ," ಎಂದ ಅವಳಿಗೆ. "ನಿಮಗೆ ಕೆಲಸ ಜಾಸ್ತಿ ಮಾಡಿದೆ."

ಮಿಹೊಕೊಗೆ ತನ್ನ ಕೋಣೆಯ ದಿಂಬು ನೆನಪಾಯಿತು. ಮತ್ತೆ ಹತ್ತಿ ಹೋಗಲು ಕಾಲು ಬರಲಿಲ್ಲ. "ನಂದು ಹಾಗೇ ಇದೆ," ಎಂದಳು.

"ಇರಲಿ ಬಿಡವ್ವ. ಗಾಡಿ ಬರ್ತದೆ, ಹೊರಡಿ ನೀವು." ಟೊಕಿ ಕೈಬೀಸಿದಳು.

ಹೊರಡಿ ಎಂಬ ಮಾತಿಗೆ ಶುಜಿ ಒಂದು ಕ್ಷಣ ನಿಂತ. ಆಮೇಲೆ ಬಗ್ಗಿ, ಕುರ್ಚಿಯ ಮೇಲಿನ ಪೆಟ್ಟಿಗೆಯನ್ನು ಎತ್ತಿ ಎದೆಗೆ ಒತ್ತಿಕೊಂಡು, ತನ್ನ ಚೀಲದ ಜೊತೆಗೆ ಅಕ್ಕನ ಚೀಲವನ್ನೂ ತೋಳಿಗೆ ಸಿಕ್ಕಿಸಿಕೊಂಡು, ಬಾಗಿಲು ತೆರೆಯಲಿ ಎಂದು ಅದರ ಮುಂದೆ ಹೋಗಿ ನಿಂತ.